ಹಗ್ಗ ಸವೆಸಿದ ಬೆಂಚು

ನಾನು ಇಂಡಿ ಊರಿನ ಹೆಣ್ಣು. ತವರಿನಲ್ಲಿ ನಾವು ಕೂರುತ್ತಿದ್ದದ್ದು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ. ಹೊಲಸಾದರೆ ನಲ್ಲಿಯ ಕೆಳಗೆ ಹಿಡಿಯುತ್ತಿದ್ದೆವು, ಮುರಿದರೆ ಗುಜರಿಯವನಿಗೆ ಹಾಕುತ್ತಿದ್ದೆವು. ಕೂರುವ ವಸ್ತುವಿಗೂ ಅಮಾವಾಸ್ಯೆ ಇರುತ್ತದೆ ಎಂಬುದು ಬಸವನ ಬಾಗೇವಾಡಿಗೆ ಸೊಸೆಯಾಗಿ ಬಂದ ಮೇಲೆ ಗೊತ್ತಾಯಿತು.

ಆ ವಸ್ತು ನಮ್ಮ ಪಡಸಾಲೆಯ ಸಾಗವಾನಿ ಬೆಂಚು. ಅತ್ತೆಯ ತವರು ಹೊಳೆದಂಡೆಯ ಒಂದು ಹಳ್ಳಿ. ಅದು ಆಲಮಟ್ಟಿಯ ಹಿನ್ನೀರಿಗೆ ಹೋದಾಗ ಅವರ ಅಣ್ಣತಮ್ಮಂದಿರು ಮನೆ ಬಿಚ್ಚಿ ಬಾಗಿಲು, ಕಂಬ ಹಂಚಿಕೊಂಡರು. ಅತ್ತೆ ಕೇಳಿದ್ದು ಒಂದೇ ಒಂದು ತೊಲೆ. ನಾಗರ ಪಂಚಮಿಗೆ ಹೆಣ್ಣುಮಕ್ಕಳು ಜೋಕಾಲಿ ಕಟ್ಟಿ ಜೀಕುತ್ತಿದ್ದದ್ದು ಅದಕ್ಕೆ. ಮಾವ ಅದನ್ನು ಸೀಳಿಸಿ ಬೆಂಚು ಮಾಡಿಸಿದರು. ಹಗ್ಗ ತಿಕ್ಕಿ ತಿಕ್ಕಿ ತೊಲೆಯ ಅಂಚಿನಲ್ಲಿ ಬಿದ್ದಿದ್ದ ಎರಡು ಕಚ್ಚುಗಳನ್ನು ಮಾತ್ರ ಅತ್ತೆ ತೆಗೆಯಗೊಡಲಿಲ್ಲ. ಅವು ಬೆಂಚಿನ ಮುಂದಿನ ಅಂಚಿಗೇ ಬಂದವು. ಈಗ ಮಗ, ಅಂದರೆ ನಮ್ಮ ಮನೆಯವರು, ಆಲಮಟ್ಟಿಯಲ್ಲೇ ಕಾಲುವೆ ಕಚೇರಿಯಲ್ಲಿದ್ದಾರೆ. ತಾಯಿಯ ತವರು ನೀರಿನ ತಳದಲ್ಲಿ, ಮಗನ ಸಂಬಳ ಅದೇ ನೀರಿನ ಮೇಲೆ. ಇದರ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ಊಟದ ಹೊತ್ತಿಗೆ ಬೇರೆ ವಿಷಯಗಳು ಬೇಕಾದಷ್ಟಿರುತ್ತವೆ.

ಬೆಂಚಿನ ಆರೈಕೆಗೆ ಅತ್ತೆಯ ಕಾನೂನುಗಳಿದ್ದವು. ಬಿಸಿ ಪಾತ್ರೆ ಇಡಬಾರದು, ಒದ್ದೆ ಟವೆಲು ಹಾಕಬಾರದು, ನೇರ ಬಿಸಿಲಿಗೆ ಬಿಡಬಾರದು. ದಿನಾ ಒಣ ಬಟ್ಟೆ. ಅಮಾವಾಸ್ಯೆಗೊಮ್ಮೆ ಹಳೆಯ ಧೋತರದ ಚೂರಿಗೆ ಕುಸುಬಿ ಎಣ್ಣೆ ಮುಟ್ಟಿಸಿ ಒರೆಸಬೇಕು, ಆಮೇಲೆ ಇನ್ನೊಂದು ಚೂರಿನಿಂದ ಆ ಎಣ್ಣೆಯನ್ನೇ ತಿಕ್ಕಿ ತೆಗೆಯಬೇಕು. ತೆಗೆಯುವುದಾದರೆ ಹಚ್ಚುವುದೇಕೆ ಎಂದು ಮೊದಲ ವರ್ಷ ಕೇಳಿದ್ದೆ.

“ಉಂಡ ಮ್ಯಾಲೆ ಕೈ ತೊಳ್ಕೊತಿ ಇಲ್ಲೊ? ಹಂಗ,” ಎಂದಿದ್ದರು.

ನನಗೆ ಆ ಬೆಂಚು ಕಂಡರೆ ಆಗುತ್ತಿರಲಿಲ್ಲ. ನನ್ನ ಸೀರೆಯ ಜರಿಗೂ ಆ ಕಚ್ಚುಗಳಿಗೂ ಹಳೆಯ ದ್ವೇಷ. ಬಂದವರು ಇಲಿ ಕಡಿದದ್ದೇ ಎಂದು ವಿಚಾರಿಸುತ್ತಿದ್ದರು. ಒಂದು ಸೋಫಾ ಬರಲಿ ಎಂದು ನಾನು ಬೇಡಿಕೊಂಡಷ್ಟು ಯಾವ ದೇವರಿಗೂ ಏನನ್ನೂ ಬೇಡಿಕೊಂಡಿಲ್ಲ.

ಈ ಸಲ ಮಣ್ಣೆತ್ತಿನ ಅಮಾವಾಸ್ಯೆಗೆ ಮೊದಲು ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದರಿಂದ ಬೆಂಚಿನ ಸೇವೆ ಮಗನ ಪಾಲಿಗೆ ಬಂತು. ನಮ್ಮ ಕಡೆ ಎಣ್ಣೆ ಕಡಿಮೆ ಹಾಕುವುದೆಂದರೆ ಮರ್ಯಾದೆಯ ಪ್ರಶ್ನೆ. ಬದನೆಕಾಯಿ ತೇಲಬೇಕು, ಶೇಂಗಾ ಚಟ್ನಿಯ ಮೇಲೆ ಎಣ್ಣೆ ನಿಲ್ಲಬೇಕು. ಅದೇ ನ್ಯಾಯದಂತೆ ನಮ್ಮವರು ಬೆಂಚಿಗೂ ಒಂದು ಬಟ್ಟಲು ತುಂಬ ಸುರಿದರು.

“ಕುಡೀಲಿ ಬಿಡು, ಬಾಳ ಒಣಗೇತಿ,” ಎಂದರು. ತಿಕ್ಕಿ ತೆಗೆಯುವ ಗೋಜಿಗೆ ಹೋಗಲಿಲ್ಲ.

ಬೆಂಚು ಸ್ವಲ್ಪ ಕುಡಿದು ಮಿಕ್ಕದ್ದನ್ನು ಮೇಲೆಯೇ ಇಟ್ಟುಕೊಂಡಿತು. ಆಷಾಢದ ಮೋಡಕ್ಕೆ ಆ ಎಣ್ಣೆ ಒಣಗಲೂ ಇಲ್ಲ, ಹಸಿಯಾಗಿ ಉಳಿಯಲೂ ಇಲ್ಲ, ಬೆಲ್ಲದ ಪಾಕದ ಹಾಗೆ ಅಂಟಾಯಿತು. ಪೂಜೆಗೆ ಅದರ ಮೇಲಿಟ್ಟಿದ್ದ ಮಣ್ಣೆತ್ತುಗಳನ್ನು ನಾಲ್ಕಾರು ದಿನ ಬಿಟ್ಟು ಎತ್ತಿದರೆ ಅವುಗಳ ಮೈಯಷ್ಟೇ ಕೈಗೆ ಬಂತು, ಕಾಲುಗಳು ಬೆಂಚಿನಲ್ಲೇ ನಿಂತವು. ಪತ್ರಿಕೆ ಎತ್ತಿದರೆ ಕನ್ಯಾ ರಾಶಿಯ ಭವಿಷ್ಯ ಮಾತ್ರ ಬೆಂಚಿಗೇ ಅಂಟಿ ಉಳಿಯಿತು. ಅದರಲ್ಲಿ ಪ್ರಯಾಣಯೋಗ ಎಂದಿತ್ತು.

ಬಡಿಗನನ್ನು ಕರೆಸಿದೆವು. ಅವನು ಮರ ಹೆರೆಯುವ ಕರೆಂಟಿನ ಮಷೀನು ತಂದು, ಬೆಂಚನ್ನು ಅಂಗಳಕ್ಕೆ ತೆಗೆಸಿದ.

“ಮ್ಯಾಲಿನ ಪದರ ಒಂದೀಟು ಹೆರದ್ರ ಸಾಕ್ರಿ ಅಕ್ಕಾರ, ಶೋರೂಮ್ ಮಾಲ್ ಆಗ್ತೈತಿ. ಈ ಕಚ್ಚಿಗೆ ಪುಟ್ಟಿ ತುಂಬಿ ಪಾಲಿಶ್ ಹೊಡದ್ರ ಯಾರಿಗೂ ಗೊತ್ತಾಗೂದಿಲ್ರಿ.”

“ಹಂಗ ಮಾಡಪಾ,” ಎಂದರು ನಮ್ಮವರು. ಇಷ್ಟು ವರ್ಷ ನಾನು ಕಾದದ್ದು ಈ ಮಾತಿಗೇ. ಕರಿ ಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ ಅತ್ತೆ ಗೋಡೆ ಹಿಡಿದುಕೊಂಡು ಇಳಿದು ಬಂದರು. “ಒಂದೀಟು ತಡಿ,” ಎಂದು ಬಡಿಗನಿಗೆ ಹೇಳಿ, ಕೈಯಾಡಿಸಿ ಕಚ್ಚು ಹುಡುಕಿ, ಅದರಲ್ಲಿ ಹೆಬ್ಬೆರಳು ಇಟ್ಟರು. ಅಂಟಿನಲ್ಲಿ ಬೆರಳು ಹಿಡಿಯಿತು. ಬಿಡಿಸಿಕೊಂಡು ಸೆರಗಿಗೆ ಒರೆಸಿದರು.

“ಆತು. ಹೊಡಿ,” ಎಂದರು.

ಅತ್ತೆಯ ಮೇಲೆ ನನಗೆ ಸಿಟ್ಟು ಬಂದದ್ದುಂಟು, ಬೇಜಾರು ಬಂದದ್ದುಂಟು. ಅಷ್ಟು ಸಂಕಟ ಯಾವತ್ತೂ ಬಂದಿರಲಿಲ್ಲ. ಪಂಚಮಿ ಬಂದಾಗೆಲ್ಲ ನಾನು ಬ್ಯಾಗು ತುಂಬಿಕೊಂಡು ತವರಿಗೆಂದು ಇಂಡಿಯ ಬಸ್ಸು ಹತ್ತುತ್ತೇನೆ. ಈ ಹೆಂಗಸಿಗೆ ಹೋಗಲು ಉಳಿದಿದ್ದದ್ದು ಹೆಬ್ಬೆರಳಿನಷ್ಟು ಜಾಗ.

“ಮಷೀನಿನ ವೈರ್ ತಗೀರಿ,” ಎಂದೆ. ಧ್ವನಿ ಜೋರಾಯಿತು.

“ಮತ್ತ ಈ ಎಣ್ಣಿ ಯಾರು ತಗೀತಾರ್ರಿ?” ಎಂದ ಬಡಿಗ.

“ಹಾಕಿದವರು.”

ಹಾಕಿದವರು ಕಾಂಪೌಂಡ್ ಗೋಡೆಯನ್ನು ಪರೀಕ್ಷಿಸತೊಡಗಿದರು.

ಬಣ್ಣದ ಅಂಗಡಿಯಿಂದ ಟರ್ಪೆಂಟೈನ್ ಬಂತು. ಬಟ್ಟೆಯಲ್ಲಿ ಅದ್ದಿ ಹಚ್ಚಿ, ಅಂಟು ಮೆತ್ತಗಾದ ಮೇಲೆ ಗಾಜಿನ ಚೂರಿನಿಂದ ಮರದ ಎಳೆಯ ಗುಂಟ ಮೆಲ್ಲಗೆ ಕೆರೆಯುವುದು. ದಿನಾ ಸಂಜೆ ಆಲಮಟ್ಟಿಯಿಂದ ಬಂದು ನಮ್ಮವರು ಚಹಾ ಕುಡಿದು ಕೆರೆದರು, ಎಣ್ಣೆಯ ಗುಣಗಾನ ನಿಲ್ಲಿಸಿದರು. ಹಲಗೆ ಅಲ್ಲಲ್ಲಿ ಬೆಳ್ಳಗೆ, ಅಲ್ಲಲ್ಲಿ ಕರ್ರಗೆ ಆಯಿತು. ಶೋರೂಮಿನವರು ನೋಡಿದ್ದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಉಳಿದದ್ದು ಕಚ್ಚುಗಳು. ಬಟ್ಟೆ ಒಳಗೆ ಹೋಗಲೊಲ್ಲದು, ಗಾಜು ಹಾಕಲು ನನಗೆ ಧೈರ್ಯವಿಲ್ಲ. ಪಂಚಮಿಯ ಹಿಂದಿನ ದಿನ ಅತ್ತೆ ತಾವೇ ಹೇಳಿದರು: “ಅಲ್ಲಿ ಹಗ್ಗ ಹೋಗ್ತೈತಿ.”

ನೂಲಿನ ಹಗ್ಗವನ್ನು ಟರ್ಪೆಂಟೈನಿನಲ್ಲಿ ನೆನೆಸಿ ಕಚ್ಚಿಗೆ ಕೂರಿಸಿದೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ನಾನು ಬೆಂಚಿನ ಮುಂದೆ ನೆಲಕ್ಕೆ ಕುಳಿತು ಕೆಳಗಿನ ತುದಿ ಹಿಡಿದೆ. ಮೇಲಿನ ತುದಿಗೆ ಜನ ಬೇಕಿತ್ತು. ಅತ್ತೆ ಬೆಂಚಿನ ಹಿಂದೆ ಕುರ್ಚಿ ಹಾಕಿಸಿಕೊಂಡು ಕುಳಿತರು. ಬಗ್ಗುವ ಕೆಲಸವಲ್ಲ, ಡಾಕ್ಟರ ಅಪ್ಪಣೆ ಮುರಿಯಲಿಲ್ಲ. ಒಮ್ಮೆ ನಾನು ಎಳೆದೆ, ಒಮ್ಮೆ ಅವರು ಎಳೆದರು. ಹಗ್ಗ ಕಿರ್ ಎಂದು ಸದ್ದು ಮಾಡತೊಡಗಿತು. ಅಂಟು ಕಪ್ಪಗೆ ಬಿಟ್ಟು ಬಂತು.

“ಸಾಕೇನ್ರಿ ಅತ್ತಿ? ಕೈ ನೋಯ್ತಾವ,” ಎಂದೆ.

“ಜೀಕವ್ವಾ, ಜೀಕು,” ಎಂದರು. “ಇನ್ನೂ ಮ್ಯಾಲೆ ಹೋಗಲಿ.”

ಅವರ ಮುಖ ನನಗೆ ಕಾಣುತ್ತಿರಲಿಲ್ಲ, ಹಲಗೆ ಅಡ್ಡವಿತ್ತು. ಬೆಂಚಿನ ಕೆಳಗಿಂದ ನೋಡಿದೆ. ಅವರ ಎರಡೂ ಕಾಲು ನೆಲ ಬಿಟ್ಟಿದ್ದವು.