ಸೂಜಿ ಎತ್ತುವ ಹೊತ್ತು
ಚಿತ್ರದುರ್ಗದ ಕೋಟೆ ರಸ್ತೆಯ ಹಯಾತ್ ಸಾಬರ ಮನೆಗೆ ಹೋದವರು ಚಪ್ಪಲಿಯ ಜೊತೆಗೆ ಮಾತನ್ನೂ ಹೊಸ್ತಿಲಾಚೆ ಬಿಟ್ಟು ಬರಬೇಕು. ಒಳಗೆ ಟರ್ನ್‌ಟೇಬಲ್ ಮೇಲೆ ಜಾಝ್ ರೆಕಾರ್ಡು ತಿರುಗುತ್ತಿರುತ್ತದೆ. ಧೂಳು ಕೂರುತ್ತದೆಂದು ಬೇಸಿಗೆಯಲ್ಲೂ ಫ್ಯಾನ್ ಹಾಕುವಂತಿಲ್ಲ. ಯಾರಿಗಾದರೂ ಕೆಮ್ಮು ಬಂದರೆ, "ಹೊರಗ್ ಹೋಗಿ ಕೆಮ್ಮಿ ಬರ್ರಿ," ಎನ್ನುತ್ತಾರೆ. ಹೊಸ ಜಾಝ್ ತಂಡದವರು ಬೆಂಗಳೂರಿನಲ್ಲಿ ನುಡಿಸುತ್ತಾರೆಂದರೆ ರಂಜಾನಿಗೆ ಹೊಲಿಸಿದ ಶೇರ್ವಾನಿ ತೊಟ್ಟು ಬಸ್ಸು ಹತ್ತುತ್ತಾರೆ, ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂರುತ್ತಾರೆ, ಚಪ್ಪಾಳೆ ಮಾತ್ರ ತಟ್ಟುವುದಿಲ್ಲ. ಕೇಳಿದರೆ, "ಕಿವ್ಯಾಗೆ ಇನ್ನೂ ನಡೀತೈತೆ, ಮುಗಿದಿಲ್ಲ," ಎಂಬ ಉತ್ತರ. ಇಂಥವರ ಅಚ್ಚುಮೆಚ್ಚಿನ ಸ್ಯಾಕ್ಸೋಫೋನ್ ರೆಕಾರ್ಡಿನಲ್ಲೇ ಉದ್ದನೆಯ ಒಂದು ಗೀರಿದೆ. ಸಂಜೆಯ ಅಜಾನ್ ಕೇಳಿಸಿದೊಡನೆ ಹೆಂಡತಿ ಪ್ಯಾರಿ ಬೀ ಅಡುಗೆಮನೆಯಿಂದ ಬಂದು ಸೂಜಿ ಎತ್ತಿ ಹಾಡು ನಿಲ್ಲಿಸುತ್ತಿದ್ದರು. ಒಮ್ಮೆ ಹಿಟ್ಟಿನ ಕೈ ಜಾರಿ ಬಿದ್ದ ಗೀರು ಅದು. ಆಗ ಸಾಬರು ವಾರಗಟ್ಟಲೆ ಹೆಂಡತಿಯ ಜೊತೆ ಮಾತು ಬಿಟ್ಟಿದ್ದರು. ಆಕೆ ತೀರಿಕೊಂಡ ಮೇಲೆ ಅಳಿಯ ಮುಜಾಹಿದ್ ಅದೇ ರೆಕಾರ್ಡನ್ನು ಹೊಸದಾಗಿ ತರಿಸಿಕೊಟ್ಟ. ಸಾಬರು ಪೂರ್ತಿ ಕೇಳಿ, ಒರೆಸಿ, ಕವರಿಗೆ ಹಾಕಿ ಹಿಂದಕ್ಕೆ ಕೊಟ್ಟರು. "ಚೆನ್ನಾಗೈತೆ, ನೀನೇ ಇಟ್ಕಳಪ್ಪ. ನಂಗೆ ಹಳೇದು ಸಾಕು." ಈಗಲೂ ಸಂಜೆ ಅಜಾನ್ ಕೇಳಿಸಿದಾಗ ಅವರು ತಟ್ಟನೆ ಏಳುವುದಿಲ್ಲ, ಒಂದು ಗಳಿಗೆ ಅಡುಗೆಮನೆಯ ಬಾಗಿಲು ನೋಡಿ, ಆಮೇಲೆ ತಾವೇ ಎದ್ದು ಸೂಜಿ ಎತ್ತುತ್ತಾರೆ.