ಉಲ್ಟಾ ಹೊಡಿಲೇನ್ರಿ?

ಯಾರಾದರೂ ನನ್ನ ಮುಖ ಬಿಟ್ಟು ಕುತ್ತಿಗೆ ನೋಡತೊಡಗಿದರೆ ನನಗೆ ಎದೆ ಡವಡವ ಎನ್ನುತ್ತದೆ. ದಾಡಿ ಮಾಡಿಸಿದ ಮರುದಿನವೇ ಗದ್ದದ ಕೆಳಗೆ ಸಾಸಿವೆ ಚೆಲ್ಲಿದಂತೆ ಕೆಂಪು ಗುಳ್ಳೆಗಳೇಳುವವರ ಪೈಕಿ ನಾನು. ಗುಂಗುರು ಗಡ್ಡದವರ ಹಣೆಬರಹವಿದು. ಬುಡಮಟ್ಟ ಕೊಯ್ದ ಕೂದಲು ಹೊರಗಿನ ದಾರಿ ಮರೆತು ಚರ್ಮದೊಳಕ್ಕೇ ತಿರುಗಿ ಚುಚ್ಚುತ್ತದಂತೆ. ನನ್ನ ಸ್ವಭಾವವೂ ಅದೇ, ಹೊರಗೆ ಆಡಬೇಕಾದ್ದನ್ನು ಒಳಗೇ ಚುಚ್ಚಿಕೊಂಡು ಕೂರುವುದು.

ಉಪಾಯ ಗೊತ್ತಿಲ್ಲವೆಂದಲ್ಲ. ದವಾಖಾನೆಯ ಡಾಕ್ಟರು ಹೇಳಿದ್ದೆಲ್ಲ ಬಾಯಿಪಾಠವಾಗಿದೆ. ಬಿಸಿನೀರಲ್ಲಿ ಗಡ್ಡ ನೆನೆಸಬೇಕು, ಬ್ಲೇಡು ಹೊಸದಿರಬೇಕು, ಕೂದಲು ಬೆಳೆದ ದಿಕ್ಕಿಗೇ ಹಗುರವಾಗಿ ಎಳೆಯಬೇಕು. ಗುಳ್ಳೆ ಎದ್ದರೆ ಕೆದಕದೆ ತಣ್ಣೀರ ಬಟ್ಟೆ ಇಡಬೇಕು, ಮಾಯುವ ತನಕ ಕತ್ತಿ ಮುಟ್ಟಿಸಬಾರದು. ಆದರೆ ನಮ್ಮ ಯಲಬುರ್ಗಾದ ಕಟಿಂಗ್ ಅಂಗಡಿಯ ಮೌನೇಶ ಸೀದಾ ಒಂದು ಸುತ್ತು ಮುಗಿಸಿ, "ಉಲ್ಟಾ ಹೊಡಿಲೇನ್ರಿ ಸರ?" ಎಂದು ಕೇಳುತ್ತಾನೆ. ಉಲ್ಟಾ ಎಂದರೆ ಕೂದಲಿಗೆ ಎದುರಾಗಿ ಕತ್ತಿ ಆಡಿಸುವುದು. ಕತ್ತಿ ಗಂಟಲ ಮೇಲಿರುವಾಗ ಬೇಡವೆನ್ನಲು ಎಂಥ ಗಂಡೆದೆ ಬೇಕು! ನಾನು ಹೂಂ ಅನ್ನುತ್ತೇನೆ.

ಈ ಸಲ ಮಾತ್ರ ನಾನೇ ಕೇಳಿ ಉಲ್ಟಾ ಹೊಡೆಸಿಕೊಂಡೆ. ರವಿವಾರ ಬೆಳಗ್ಗೆ ಮಗಳನ್ನು ನೋಡಲು ಕುಷ್ಟಗಿಯವರು ಬರುವವರಿದ್ದರು. ಬಂದ ಗಂಡುಗಳನ್ನೆಲ್ಲ ಒಲ್ಲೆ ಎಂದಿದ್ದ ರೇಣುಕಾ ಈ ಹುಡುಗನ ಫೋಟೋವನ್ನು ಮೊಬೈಲಿನಿಂದ ಅಳಿಸಿರಲಿಲ್ಲ. ಇದೂ ತಪ್ಪಿಹೋದರೆ ಎಂದು ನನಗೆ ಅಂಜಿಕೆ. ಫೋಟೋದಲ್ಲಿ ಹುಡುಗನಿಗೆ ಮುಖದ ತುಂಬ ಗಡ್ಡ. ನಮ್ಮ ಹಿರಿಯರು ಏನೆಂದಾರೋ ಎಂದು ಹೆದರಿ, ದಾಡಿ ಮಾಡಿಸಿಕೊಂಡು ಬರಲಿ ಎಂದು ಮಧ್ಯಸ್ಥರ ಕೈಯಲ್ಲಿ ಹೇಳಿ ಕಳಿಸಿದ್ದೆ. ಹಾಗೆಂದ ಮೇಲೆ ನನ್ನ ಗದ್ದವೂ ನುಣ್ಣಗಿರಬೇಡವೇ? ಶನಿವಾರ ಹನುಮಪ್ಪನದು, ಶುಕ್ರವಾರ ಲಕ್ಷ್ಮಿಯದು, ಆ ಎರಡೂ ದಿನ ನಮ್ಮಲ್ಲಿ ಕತ್ತಿ ಮುಟ್ಟುವಂತಿಲ್ಲ. ಗುರುವಾರದ ನುಣುಪು ರವಿವಾರದ ತನಕ ಬಾಳಲೆಂದು ಉಲ್ಟಾ ಹೊಡೆಸಿ, ಮತ್ತೊಮ್ಮೆ ಉಲ್ಟಾ ಹೊಡೆಸಿದೆ.

ಶನಿವಾರ ಅಡುಗೆಯ ಆಸರೆಗೆಂದು ಹನುಮಸಾಗರದಿಂದ ಬಂದ ನಮ್ಮ ಅಕ್ಕ, ಚೀಲ ಇಳಿಸುವ ಮೊದಲೇ ನನ್ನ ಕುತ್ತಿಗೆ ನೋಡಿ ಕೈಮುಗಿದಳು.

"ತಮ್ಮಾ, ಅಮ್ಮ ಬಂದಾಳಲ್ಲೋ!"

ಮೈಮೇಲೆ ಗುಳ್ಳೆಯಾಗಿ ಏಳುವ ದೇವಿಯೇ ಅಮ್ಮ. ಆಕೆ ಬಂದ ಮನೆಯಲ್ಲಿ ಶುಭಕಾರ್ಯವಿಲ್ಲ, ಒಗ್ಗರಣೆ ಸಹ ಹಾಕುವಂತಿಲ್ಲ.

"ಇವು ಕತ್ತಿ ಗುಳ್ಳಿ ಅಕ್ಕಾ. ಅಮ್ಮ ಬರೇ ಗದ್ದದ ಕೆಳಗಷ್ಟ ಬರ್ತಾಳೇನು?"

"ಬಾಯಿ ಮುಚ್ಚು. ಹಂಗಂದ್ರ ಆಕಿ ಸಿಟ್ಟಿಗೇಳ್ತಾಳ."

ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ನಾನು ಬಿಚ್ಚಿದಾಗೆಲ್ಲ ಮತ್ತೆ ಕಟ್ಟಿದಳು. ತಣ್ಣೀರ ಬಟ್ಟೆ ಕುತ್ತಿಗೆಗೆ ಒತ್ತಿಕೊಂಡು ಇಡೀ ದಿನ ಕನ್ನಡಿ ನೋಡಿದೆ. ಒಂದು ಗುಳ್ಳೆಯೂ ಇಳಿಯಲಿಲ್ಲ.

ರವಿವಾರ ಬೀಗರಾಗಬೇಕಾದವರು ಬೇವು ನೋಡಿ ಹೊಸ್ತಿಲಾಚೆಯೇ ನಿಂತುಬಿಟ್ಟರು. ಅಕ್ಕನೇ ಮುಂದೆ ಬಂದು, "ತಮ್ಮಗ ಅಮ್ಮ ಬಂದಾಳ್ರಿ. ತಪ್ಪು ತಿಳ್ಕೋಬ್ಯಾಡ್ರಿ, ಇನ್ನೊಮ್ಮೆ ಬರ್ರಿ" ಎಂದಳು. ಒಳಕೋಣೆಯಲ್ಲಿ ರೇಣುಕಾಳ ಬಳೆಯ ಸದ್ದು ನಿಂತಿತು. ಮುಗಿಯಿತು ಅಂದುಕೊಂಡೆ.

ಹುಡುಗ ನನ್ನ ಕುತ್ತಿಗೆಯನ್ನೇ ದಿಟ್ಟಿಸಿದ. ಆಮೇಲೆ ತನ್ನ ಕೊರಳಿಗೆ ಸುತ್ತಿದ್ದ ಕರವಸ್ತ್ರವನ್ನು ಮೆಲ್ಲಗೆ ಬಿಚ್ಚಿದ. ಅಲ್ಲಿ ನನಗಿಂತ ಹೆಚ್ಚು ಸಾಸಿವೆ!

"ಅಮ್ಮ ಅಲ್ರಿ, ಉಲ್ಟಾ ಹೊಡಿಸ್ಯಾರ. ನಾನೂ ಹೊಡಿಸೇನ್ರಿ. ಮಾವಾರು ದಾಡಿ ಮಾಡಿಸ್ಕೊಂಡು ಬಾ ಅಂದಿದ್ರಲ್ರಿ..."

ಮಾವಾರು! ಇನ್ನೂ ಚಹಾ ಸಹ ಕೊಟ್ಟಿರಲಿಲ್ಲ. ಹುಡುಗ ನಾಲಿಗೆ ಕಚ್ಚಿಕೊಂಡ. ಒಳಗಿನಿಂದ ಕಿಸಕ್ಕನೆ ನಗು ಕೇಳಿಸಿತು.

ಅಕ್ಕ ಇಬ್ಬರ ಕುತ್ತಿಗೆಯನ್ನೂ ಹೊರಳಿ ಹೊರಳಿ ನೋಡಿ, ಬೇವು ಬಿಚ್ಚಿಕೊಂಡು ಒಳಗೆ ನಡೆದಳು. ತುಸು ಹೊತ್ತಿಗೆ ಅಡುಗೆಮನೆಯಿಂದ ಚುಂಯ್ ಎಂದು ಒಗ್ಗರಣೆಯ ಸದ್ದು ಬಂತು. ಅಷ್ಟು ಇಂಪಾದ ಸದ್ದನ್ನು ನಾನು ಕೇಳಿಯೇ ಇರಲಿಲ್ಲ.

ಈಗ ಮದುವೆ ಗೊತ್ತಾಗಿದೆ. ರೇಣುಕಾಳದು ಒಂದೇ ಮಾತು: "ಅಪ್ಪಾ, ಅವರಿಗೆ ಗಡ್ಡ ಬಿಡಾಕ ಹೇಳ್ರಿ." ಹೇಳಿದೆ. ಕುತ್ತಿಗೆ ಮಾಯಲೆಂದು ನಾನೂ ಬಿಟ್ಟೆ, ಮಾಯಿತು. ಉಳಿದಿರುವ ಚಿಂತೆ ಒಂದೇ. ಮದುವೆಗೆ ಬಂದವರು ನನ್ನ ಗಡ್ಡ ನೋಡಿ, ಹುಡುಗಿಯ ಅಪ್ಪನಿಗೆ ಪಾಪ ಅದೇನು ಚಿಂತೆಯೋ ಅಂದಾರಲ್ಲ!