ಹವಾಲ್ದಾರರ ಜೈಲು ಪುಸ್ತಕಕ್ಕೆ ಬಿದ್ದ ಮಸಿ

ಮೊನ್ನೆ ಪ್ರಿಂಟರಿಗೆ ಮಸಿ ತುಂಬುವಾಗ ಬೆರಳಿಗೆಲ್ಲ ಮೆತ್ತಿಕೊಂಡಿತು. ಆ ವಾಸನೆಗೆ ಹವಾಲ್ದಾರರೇ ಬಂದು ಎದುರು ಕೂತಂತಾಯಿತು...

ತೊಂಬತ್ತರ ದಶಕದ ಕೊನೆ. ಸಕಲೇಶಪುರದಲ್ಲಿ ನನ್ನದೊಂದು ಪುಟ್ಟ ಪ್ರೆಸ್ಸಿತ್ತು. ಮದುವೆ ಕಾಗದ, ಎಸ್ಟೇಟಿನ ರಸೀದಿ ಪುಸ್ತಕ ಬಿಟ್ಟರೆ ಬೇರೆ ಸಾಹಿತ್ಯವನ್ನು ಅದು ಕಂಡಿರಲಿಲ್ಲ. ಹೆತ್ತೂರು ಕಡೆಯ ಹವಾಲ್ದಾರರು ಎಪ್ಪತ್ತೊಂದರ ಯುದ್ಧದಲ್ಲಿ ಸೆರೆಸಿಕ್ಕಿದ್ದವರು. ಗಡಿಯಾಚೆಯ ಜೈಲಿನಲ್ಲಿ ಕೂತು ಬರೆದ ಹಾಳೆಗಳನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಪುಟಪುಟಕ್ಕೂ ಕರಿ ಪಟ್ಟಿ.

"ಅಲ್ಲಿನ ಸಾಹೇಬ ಬಳ್ದಿದ್ದು. ಅವನಿಗೆ ಕನ್ನಡ ಬರಲ್ಲ. ಒಂದೇ ಪದ ಮತ್ತೆ ಮತ್ತೆ ಬತ್ತೈತೆ, ಏನೋ ಗುಟ್ಟಿನ ಸಂಕೇತ ಅಂದ್ಕಂಡು, ಅದಿದ್ದ ಸಾಲಿಗೆಲ್ಲ ಮಸಿ ಹಾಕ್ಬುಟ್ಟ."

"ಯಾವ ಪದ ಅಣ್ಣ?"

ಮೀಸೆ ಸವರಿಕೊಂಡರು. "ನಮ್ಮನೆಯವಳ ಹೆಸ್ರು ಮಾರಾಯ."

ಕರಡು ಅಚ್ಚು ಹಿಡಿದು ಅವರ ಮನೆಗೆ ಹೋಗಿ ಅವರ ಹೆಂಡತಿಗೆ, ನಾನು ಅಕ್ಕ ಎಂದೇ ಕರೆಯುತ್ತಿದ್ದವರಿಗೆ, ಓದಿ ಹೇಳಿದೆ. ಅಲ್ಲಿನ ಚಳಿ, ತಿಗಣೆ, ಒಣ ರೊಟ್ಟಿ ಎಲ್ಲ ಇತ್ತು. ಜೈಲಿನ ಬೆಕ್ಕಿಗೂ ಎರಡು ಪುಟವಿತ್ತು. ಅಕ್ಕ ಮಾತ್ರ ಎಲ್ಲೂ ಇಲ್ಲ.

"ಬೆಕ್ಕು ನೆನಪಾಯ್ತು, ನಾನ್ ಆಗ್ಲಿಲ್ಲ!"

"ಮಸಿ ಕೆಳಗೆಲ್ಲ ನೀನೇ ಇರಾದು ಕಣೇ!" ಎಂದು ಹವಾಲ್ದಾರರು ಬೇಡಿಕೊಂಡರು.

"ಮಸಿ ಕೆಳಗೆ ಯಾರ್ ಬೇಕಾದ್ರೂ ಇರ್ಬೋದು. ಈ ಪುಸ್ತಕನೇ ಬ್ಯಾಡ."

ಕೆಲಸ ನಿಂತಿತು. ಮನೆಯಲ್ಲಿ ಮಾತಿಲ್ಲ, ಸಾರಿಗೆ ಉಪ್ಪಿಲ್ಲ ಎಂದು ಹವಾಲ್ದಾರರು ಪ್ರೆಸ್ಸಿಗೇ ಬಂದು ಕೂರತೊಡಗಿದರು. ಕೊನೆಗೆ ಅಳಿಸಿಹೋದ ಸಾಲುಗಳನ್ನೆಲ್ಲ ನೆನೆಸಿಕೊಂಡು ಮತ್ತೆ ಬರೆದರು. ಗುಂಡು ಹಾರುವ ಅಧ್ಯಾಯದಲ್ಲೂ ಅಕ್ಕನ ಜಡೆ ಬಂತು. ಅದನ್ನೂ ಹೋಗಿ ಓದಿದೆ. ಅರ್ಧಕ್ಕೇ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಥೂ, ಇವೆಲ್ಲ ಊರೋರ ಮುಂದೆ ಹೇಳಾ ಮಾತಾ? ಮಸಿನೇ ಹಾಕ್ಬುಡಪ್ಪ!"

ಹಾಗಾಗಿ ಪುಸ್ತಕ ಕರಿ ಪಟ್ಟಿಗಳ ಸಮೇತವೇ ಹೊರಬಂತು. ಮಗ್ಗೆಯಿಂದ ಒಬ್ಬರು ಬಸ್ಸು ಹತ್ತಿ ಬಂದು, "ಮಸಿ ಚೆಲ್ಲೈತೆ ಕಣ್ರೀ, ಬೇರೆ ಕೊಡಿ" ಎಂದು ಜಗಳಕ್ಕೆ ನಿಂತರು. ಹವಾಲ್ದಾರರು ಎದೆಯುಬ್ಬಿಸಿ ಅವರಿಗೆ ಸಹಿ ಹಾಕಿ ಕೊಟ್ಟರು.

ಅವರು ತೀರಿಕೊಂಡು ವರ್ಷಗಳೇ ಆದವು. ಹೋದ ತಿಂಗಳು ಮರುಮುದ್ರಣದ ಮಾತಾಡಲು ಹೋದಾಗ ಅಕ್ಕ ಕಾಫಿ ಕೊಟ್ಟು ಪಕ್ಕದಲ್ಲೇ ಕೂತರು.

"ಜೈಲಿಂದ ಬಂದ್ಮೇಲಿನ ಕತೆನೂ ಬರೀರಿ ಅಂದಿದ್ದೆ ಕಣಪ್ಪ. 'ನೀನು ಎದ್ರಿಗೇ ಇದೀಯಲ್ಲ, ಬರೆಯಾಕೇನೈತೆ' ಅಂದ್ಬುಟ್ರು." ನಕ್ಕರು. ನನ್ನ ಖಾಲಿ ಲೋಟ ಎತ್ತಿಕೊಂಡರು... "ಈಗ ಮತ್ತೆ ದೂರ ಆದ್ರಲ್ಲ. ಅಲ್ಲಿ ಕೂತ್ಕಂಡು ಬರೀತಿರ್ಬೋದು."